ಚಪ್ಪಲಿ ಹೊರಗೆ ಬಿಟ್ಟ ಕೊಲೆಗಾರ

ಮಾರ್ಕೆಟ್ ಯಾರ್ಡ್‌ನ ಬೆಲ್ಲದ ಸಾಲಿಗೆ ಹೋಗದೆ ಎರಡು ವರ್ಷದ ಮೇಲಾಗಿತ್ತು. ಧನಕವಡಿಯಲ್ಲಿ ಮನೆಯ ಕೆಳಗೇ ಎಲ್ಲ ಸಿಗುವಾಗ ಅಲ್ಲಿಯವರೆಗೆ ಯಾಕೆ ಹೋಗಬೇಕು? ಈ ಜೂನ್ ಕೊನೆಯಲ್ಲಿ ಕಾಲೇಜಿನ ಗೆಳತಿಯೊಬ್ಬಳು ಈರುಳ್ಳಿ ತರಲು ಹೊರಟವಳು ಸ್ಕೂಟರಿನ ಹಿಂದೆ ನನ್ನನ್ನೂ ಕೂರಿಸಿಕೊಂಡಳು. ಅವಳು ಈರುಳ್ಳಿಯ ಕಡೆ ಹೋದಾಗ ಮಳೆ ಜೋರಾಯಿತು. ನಾನು ಓಡಿಹೋಗಿ ಒಂದು ತಗಡಿನ ಮಾಡಿನ ಕೆಳಗೆ ನಿಂತೆ. ಒದ್ದೆ ಗೋಣಿಯ ವಾಸನೆ, ಅದರೊಳಗಿಂದ ಬೆಲ್ಲದ ವಾಸನೆ, ಎಲ್ಲೋ ಡಬ್ಬಿ ಸೋರಿ ನೆಲದ ಮೇಲೆ ಅಂಟಂಟಾಗಿ ಹರಿದ ಕಾಕಂಬಿ. ಬೇರೆ ಯಾರಿಗಾದರೂ ಹೋಳಿಗೆಯೋ ಹುಗ್ಗಿಯೋ ನೆನಪಾಗುತ್ತಿತ್ತು. ನನಗೆ ನೆನಪಾದದ್ದು ರಕ್ತ.

"ಬಾಯೀ, ತುಮ್ಹೀ ಖೂನೀ ಶೇಟಜೀಂಚೀ ಭಾಚೀ ನಾ?" ಎಂದು ಚೀಲದ ಮೇಲೆ ಕೂತಿದ್ದ ಮುದುಕ ಹಮಾಲ ಕೇಳಿದ. ಕೊಲೆಗಾರ ಸಾವಕಾರರ ಸೋದರಸೊಸೆ ನೀವಲ್ಲವೇ ಎಂದು. ಹೌದೆಂದೆ. ಅವನು ತನ್ನ ಚಪ್ಪಲಿ ಬಿಚ್ಚಿ ಜೋಡಿಸಿಟ್ಟು, ಬರಿಗಾಲಲ್ಲಿ ಎರಡು ಹೆಜ್ಜೆ ಮುಂದೆ ಬಂದು, ಕೈಯಿಂದ ಕುತ್ತಿಗೆ ಕೊಯ್ಯುವ ಸನ್ನೆ ಮಾಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಸೇ ಆಹೇತ ಶೇಟಜೀ?" ಎಂದ. ಚೆನ್ನಾಗಿದ್ದಾರೆ, ಮಂಡಿನೋವು, ಅದಕ್ಕೇ ಅಂಗಡಿಗೆ ಬರುವುದನ್ನು ಬಿಟ್ಟಿದ್ದಾರೆ ಎಂದೆ. ನಾನೂ ನಕ್ಕೆನೇನೋ. ಆದರೆ ಆ ಮಾತು ಬಂದಾಗಲೆಲ್ಲ ಮಾಡುವಂತೆ, ಮಳೆ ನಿಲ್ಲುವ ಮೊದಲೇ ಅಲ್ಲಿಂದ ಹೊರಟೆ.

ಮನೆಗೆ ಬಂದವಳೇ ಅಟ್ಟದ ಮೇಲಿಂದ ಹಳೆಯ ನೋಟ್‌ಬುಕ್ ಇಳಿಸಿದೆ. ಅದರಲ್ಲಿ ಏನು ಸಿಕ್ಕಿತೆಂದು ಆಮೇಲೆ ಹೇಳುತ್ತೇನೆ. ಮೊದಲು, ಅದನ್ನು ತೆರೆಯುವ ತನಕ ನನಗೆ ನೆನಪಿದ್ದದ್ದನ್ನು ನೆನಪಿದ್ದ ಹಾಗೆಯೇ ಬರೆದುಬಿಡಬೇಕು. ಇಲ್ಲದಿದ್ದರೆ ಎರಡೂ ಕಲಸಿಹೋಗಿ, ಎಲ್ಲವೂ ಮೊದಲಿಂದಲೇ ನನಗೆ ಗೊತ್ತಿತ್ತು ಎಂದು ಇನ್ನೊಂದು ತಿಂಗಳಲ್ಲಿ ನಾನೇ ನಂಬಿಬಿಡುತ್ತೇನೆ.

ಅದು ಎಂಟು ವರ್ಷದ ಹಿಂದಿನ ಆಷಾಢ. ನಮ್ಮ ಕನ್ನಡ ಸಂಘದಲ್ಲಿ ಪ್ರತಿ ವರ್ಷ ಗಣಪತಿ ಕಳಿಸಿದ ಮೇಲೆ ಒಂದು ನಾಟಕವಾಗುತ್ತಿತ್ತು. ನಾಟಕವೆಂದರೆ ನನ್ನ ಮಾಮಾ. ಧಾರವಾಡದ ಕಡೆಯಿಂದ ಪುಣೆಗೆ ಬಂದು ಬೆಲ್ಲದ ಸಗಟು ವ್ಯಾಪಾರ ಮಾಡುತ್ತಿದ್ದ ಅವನು ವರ್ಷಕ್ಕೊಂದು ದಿನ ಹಾಸ್ಯಪಾತ್ರ ಹಾಕುತ್ತಿದ್ದ. ಅವನ ಧ್ವನಿ ಸಂಘದ ಹಾಲಿನ ಹೊರಗಿನ ವಡಾಪಾವ್ ಗಾಡಿಯವನಿಗೂ ಕೇಳಿಸುತ್ತಿತ್ತು. ಕನ್ನಡ ಬಾರದ ಆ ಗಾಡಿಯವನೂ ನಗುತ್ತಿದ್ದ. ಆಮೇಲೆ ಮಾಮಾನ ಗಂಟಲಲ್ಲಿ ಗಡ್ಡೆಯೆಂದರು. ಆಪರೇಶನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯ ಬುಡದಲ್ಲಿ ಉಸಿರಾಡಲಿಕ್ಕೆಂದು ಒಂದು ತೂತು ಉಳಿಯಿತು. ಅದರ ಮೇಲೆ ಯಾವಾಗಲೂ ತೆಳ್ಳನೆಯ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದ.

ಬದುಕಿದ್ದೇ ದೊಡ್ಡದು ಎಂದು ನಾವೆಲ್ಲ ಅಂದುಕೊಂಡೆವು. ಮಾಮಾ ಹಾಗೆ ಅಂದುಕೊಳ್ಳಲಿಲ್ಲ. ಅಂಗಡಿಗೆ ಮತ್ತೆ ಹೋದ ಮೊದಲ ದಿನವೇ, ಅವನು ಕೈಸನ್ನೆ ಮಾಡುತ್ತ ಕುತ್ತಿಗೆಯಿಂದ ಬುಸ್ ಬುಸ್ ಎನ್ನುವುದನ್ನು ನೋಡಿ ಯಾವನೋ ಗಿರಾಕಿ ನಕ್ಕನಂತೆ. ಮಾಮಾ ಎದ್ದು ಮನೆಗೆ ಬಂದ. ಒಂದೂವರೆ ವರ್ಷ ಹೊರಬೀಳಲಿಲ್ಲ. ಇದು ಮಾಮಿ ಹೇಳಿದ್ದು. ಅವಳು ಇನ್ನೊಂದು ಮಾತನ್ನೂ ಹೇಳಿದ್ದಳು, ಅದನ್ನು ಅವಳ ಮಾತಿನಲ್ಲೇ ಬರೆದಿಟ್ಟುಕೊಂಡಿದ್ದೇನೆ: "ನೋಡ ನಂದೂ, ಅವರು ನಗಸದೇ ಮಂದಿ ಅವರನ್ನ ನೋಡಿ ನಕ್ಕದ್ದು ಅದ ಮೊದಲನೇ ಸರತೆ."

ಹೀಗಾಗಿ ಎರಡು ವರ್ಷ ನಾಟಕವಿಲ್ಲ. ಮೂರನೆಯ ವರ್ಷ ಸಂಘದ ಸಭೆಗೆ ಚೇತನ್ ಬಂದ. ಮೈಸೂರಿನವನು, ಖರಾಡಿಯಲ್ಲಿ ಯಾವುದೋ ಆಫೀಸಿನಲ್ಲಿ ಕೆಲಸ, ಭಾನುವಾರ ಕ್ಯಾಮೆರಾ ಹಿಡಿದು ತಿರುಗುವ ಹುಚ್ಚು. ನಾಟಕ ಬೇಡ, ಒಂದು ಸಣ್ಣ ಸಿನಿಮಾ ಮಾಡೋಣ ಎಂದ. ಸಂಘದ ಸೆಕ್ರೆಟರಿ ಜೋಶಿ ಕಾಕಾ ಕನ್ನಡಕ ಒರೆಸಿಕೊಂಡರು.

"ಸಾಮಾಜಿಕ ಏನು?"

"ಸ್ಲ್ಯಾಷರ್ ಕಾಮಿಡಿ ಸರ್."

"ಅಂದ್ರ?"

"ಟೂರಿಸ್ಟ್‌ಗಳ ಗಾಡಿ ಒಂದು ಜೌಗಲ್ಲಿ ಸಿಕ್ಕಾಕೊಳ್ಳತ್ತೆ. ಮುಖವಾಡ ಹಾಕ್ಕೊಂಡಿರೋನು ಒಬ್ಬ ಬಂದು ಒಬ್ಬೊಬ್ಬರನ್ನೇ ಸಾಯಿಸ್ತಾನೆ. ಜನ ನಗ್ತಾರೆ."

"ಯಾಕ ನಗ್ತಾರ?"

ಜೋಶಿ ಕಾಕಾ ಉತ್ತರಕ್ಕೆ ಕಾಯದೆ, ಗೋಡೆಯ ಕ್ಯಾಲೆಂಡರ್ ನೋಡಿ ಅಪ್ಪಣೆ ಕೊಟ್ಟರು: "ಹೆಂಗೂ ಆಷಾಢ ಬರ್ಲಿಕ್ಕೆ ಹತ್ತೇದ. ಲಗ್ನ ಇಲ್ಲ, ಮುಂಜವಿ ಇಲ್ಲ, ಎಲ್ಲಾರೂ ಖಾಲಿ ಇರ್ತಾರ. ಆದ್ರ ಆಷಾಢ ಮುಗಿಯೂದ್ರಾಗ ಎಲ್ಲಾರೂ ಸತ್ತಿರಬೇಕು. ಶ್ರಾವಣದಾಗ ಖೂನ ಮಾಡೂದು ಬ್ಯಾಡ."

ನಾನು ಡೈರಿ ಬರೆಯುತ್ತೇನೆಂದು ಯಾರೋ ಚೇತನ್‌ಗೆ ಹೇಳಿದ್ದರು. "ಹಾಗಾದ್ರೆ ಕಂಟಿನ್ಯುಟಿ ನಿಮ್ದು ಮೇಡಂ" ಎಂದು ನನಗೊಂದು ನೋಟ್‌ಬುಕ್ ಕೊಟ್ಟ. ಒಂದು ಶಾಟ್‌ನಲ್ಲಿ ಚೀಲ ಎಡಗೈಯಲ್ಲಿದ್ದರೆ ಮುಂದಿನದರಲ್ಲೂ ಎಡಗೈಯಲ್ಲೇ ಇರಬೇಕು, ಅಂಗಿಯ ಮೇಲೆ ರಕ್ತ ಎಲ್ಲಿ ಬಿದ್ದಿತ್ತೋ ಅಲ್ಲೇ ಇರಬೇಕು. ಅದನ್ನೆಲ್ಲ ನೋಡಿ ಬರೆದಿಡುವುದು ನನ್ನ ಕೆಲಸ. ಕಾಲೇಜಿನಲ್ಲಿ ಇತಿಹಾಸ ಹೇಳುವವಳಿಗೆ ಇದು ಸುಲಭವೆಂದುಕೊಂಡೆ.

ಕೊಲೆಗಾರನ ಪಾತ್ರಕ್ಕೆ ಮಾಮಾನ ಹೆಸರು ಹೇಳಿದ್ದು ನಾನೇ. ಅದೊಂದು ಖಂಡಿತ ನಿಜ, ಆಮೇಲಿನ ಪಶ್ಚಾತ್ತಾಪವೆಲ್ಲ ಅಲ್ಲಿಂದಲೇ ಶುರುವಾದದ್ದು. ಚೇತನ್‌ನನ್ನು ಕರೆದುಕೊಂಡು ಮಾರ್ಕೆಟ್ ಯಾರ್ಡ್ ಹಿಂದಿನ ಅವರ ಫ್ಲ್ಯಾಟಿಗೆ ಹೋದೆ. ಮಾಮಿ ಬಾಗಿಲಲ್ಲೇ ಹೇಳಿದಳು: "ಅವರು ಎಲ್ಲೂ ಬರೂದಿಲ್ರೀ. ಸ್ವಂತ ಮಂದಿ ಮದುವಿಗೂ ಹೋಗಿಲ್ಲ." ಮಾಮಾ ಕಿಟಕಿಯ ಹತ್ತಿರ ಕೂತಿದ್ದ. ಮೊಣಕಾಲ ಮೇಲೆ ಪಾಟಿ, ಬಳಪ. ಹೇಳಬೇಕಾದ್ದನ್ನು ಅದರ ಮೇಲೆ ಬರೆದು ತೋರಿಸುತ್ತಿದ್ದ.

"ಡೈಲಾಗೇ ಇಲ್ಲ ಸರ್," ಎಂದ ಚೇತನ್. "ಇಂಥ ಸಿನಿಮಾದಲ್ಲಿ ಕೊಲೆಗಾರ ಮಾತಾಡೋದೇ ಇಲ್ಲ. ಮುಖಾನೂ ಕಾಣಲ್ಲ."

ಮಾಮಾ ಪಾಟಿಯ ಮೇಲೆ ಬರೆದ: 'ಮತ್ತ ಏನ್ ಕಾಣಸ್ತದ?'

"ನಡಿಗೆ ಸರ್. ನಿಲ್ಲೋ ರೀತಿ."

ಮಾಮಾ ಪಾಟಿಯನ್ನು ಅಂಗೈಯಿಂದ ಒರೆಸಿದ. ಎದ್ದು ಕಿಟಕಿಯಿಂದ ಅಡಿಗೆಮನೆಯ ಬಾಗಿಲವರೆಗೆ ಒಂದು ಸಲ ನಡೆದ. ಎಡಗಾಲು ತುಸು ಎಳೆಯುತ್ತ, ಒಂದು ಭುಜ ಇಳಿಬಿಟ್ಟು, ಗಡಿಬಿಡಿಯೇ ಇಲ್ಲದೆ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಾಮಿ "ಅಯ್ಯ, ಸರೀರಿ!" ಎಂದು ಹಿಂದೆ ಸರಿದಳು. ಅವಳು ನಿಜವಾಗಿಯೂ ಹೆದರಿದ್ದಳು. ಮಾಮಾನ ಮುಖದಲ್ಲಿ ಆಗ ಏನಿತ್ತು? ನಗು ಎಂದು ಬರೆಯಲು ಕೈ ಹೋಗುತ್ತದೆ. ನಾನು ಅವನ ಬೆನ್ನಿನ ಹಿಂದೆ ಕೂತಿದ್ದೆ, ಮುಖ ನನಗೆ ಕಾಣಿಸಿರಲಿಕ್ಕಿಲ್ಲ.

ಮಾಮಿ ಎರಡು ಷರತ್ತು ಹಾಕಿದಳು. ಕುತ್ತಿಗೆಯ ತೂತಿನೊಳಗೆ ನೀರು ಹೋದರೆ ನೆಟ್ಟಗೆ ಶ್ವಾಸಕೋಶಕ್ಕೇ ಹೋಗುತ್ತದೆಂದು ಡಾಕ್ಟರು ಹೇಳಿದ್ದರು. ಅದಕ್ಕೆ ಒಂದು, ಪಾದ ಮುಳುಗುವುದಕ್ಕಿಂತ ಹೆಚ್ಚು ನೀರಿಗಿಳಿಯಬಾರದು. ಎರಡು, ಛತ್ರಿಯಿಲ್ಲದೆ ಮಳೆಯಲ್ಲಿ ನಿಲ್ಲಬಾರದು. "ಜೌಗಿನ ಕೊಲೆಗಾರ ನೀರಿಗೇ ಇಳಿಯಲ್ಲ ಅಂದ್ರೆ ಹೆಂಗೆ ಮೇಡಂ?" ಎಂದು ಮೆಟ್ಟಿಲಿಳಿಯುವಾಗ ಚೇತನ್ ತಲೆ ಹಿಡಿದುಕೊಂಡ. ಆದರೆ ಆ ಎರಡು ಷರತ್ತುಗಳೇ ಸಿನಿಮಾ ಆದವು. ನಮ್ಮ ಕೊಲೆಗಾರ ಎಲ್ಲೂ ಓಡಲಿಲ್ಲ, ಯಾರನ್ನೂ ಅಟ್ಟಿಸಿಕೊಂಡು ಹೋಗಲಿಲ್ಲ. ಮರದ ಹಿಡಿಕೆಯ ಕರಿ ಛತ್ರಿ ಬಿಚ್ಚಿಕೊಂಡು ದಂಡೆಯ ಮೇಲೆ ಕಾಯುತ್ತ ನಿಲ್ಲುತ್ತಿದ್ದ. ಕೆಸರಿನಲ್ಲಿ ಎದ್ದು ಬಿದ್ದು ಪ್ರವಾಸಿಗರೇ ಅವನ ಹತ್ತಿರ ಬರುತ್ತಿದ್ದರು. ಆಗ ಛತ್ರಿ ಮುಚ್ಚಿ, ಅದರ ಬಾಗಿದ ಹಿಡಿಕೆಯನ್ನು ಅವರ ಕೊರಳಿಗೆ ಸಿಕ್ಕಿಸಿ ಎಳೆದುಕೊಳ್ಳುತ್ತಿದ್ದ.

ವಿಠ್ಠಲನ ಯಾತ್ರೆಯ ಪಾಲಖಿ ಪುಣೆ ದಾಟಿ ಹೋದ ಮೇಲೆ ಶೂಟಿಂಗ್ ಶುರುವಾಯಿತು. ಖರಾಡಿಯ ಆಚೆ, ನದಿ ಬಳಸುವ ತಗ್ಗಿನಲ್ಲಿ, ಜಲಕುಂಭಿಯ ಕಳೆ ಬೆಳೆದು ನೀರು ಯಾವುದು ನೆಲ ಯಾವುದು ಗೊತ್ತಾಗದ ಜಾಗವೊಂದನ್ನು ಚೇತನ್ ಹುಡುಕಿದ್ದ. ದಟ್ಟ ಜೌಗು ಎಂದು ಕಥೆಯಲ್ಲಿತ್ತು. ಕ್ಯಾಮೆರಾವನ್ನು ಒಂದು ಗೇಣು ಬಲಕ್ಕೆ ತಿರುಗಿಸಿದರೆ ಇಪ್ಪತ್ತು ಮಹಡಿಯ ಗಾಜಿನ ಆಫೀಸು ಕಾಣುತ್ತಿತ್ತು. ಚೇತನ್ ಸೋಮವಾರದಿಂದ ಶುಕ್ರವಾರದವರೆಗೆ ಕೂರುತ್ತಿದ್ದದ್ದು ಅದರಲ್ಲೇ. ಮೊದಲ ಭಾನುವಾರ, ಗಾಡಿ ಸಿಕ್ಕಿಬೀಳುವ ದೃಶ್ಯ ತೆಗೆಯುವ ಮೊದಲೇ ನಮ್ಮ ಬಾಡಿಗೆ ಗಾಡಿ ನಿಜವಾಗಿಯೂ ಹೂತುಹೋಯಿತು. ಕೆಳಗಿಳಿದು ಬೈಯುತ್ತ, ನೂಕುತ್ತ, ಜಾರಿ ಬೀಳುತ್ತ ಇದ್ದವರನ್ನು ಚೇತನ್ ತೆಗೆದುಕೊಳ್ಳುತ್ತಲೇ ಇದ್ದ. ಟೂರ್ ಗೈಡ್ ಪಾತ್ರದ ಜೋಶಿ ಕಾಕಾ ಮೊಣಕಾಲುದ್ದ ಕೆಸರಿನಲ್ಲಿ ನಿಂತು, ತಮ್ಮಷ್ಟಕ್ಕೆ ತಾವೇ, "ಯಾರೂ ಘಾಬರಿ ಆಗಬ್ಯಾಡ್ರಿ, ನಮ್ಮ ಪ್ಯಾಕೇಜದಾಗ ಇದೂ ಬರ್ತದ" ಎಂದರು. ಅದೇ ಸಿನಿಮಾದ ಮೊದಲ ಮಾತಾಯಿತು. ಸಿನಿಮಾಕ್ಕೆ 'ಪ್ಯಾಕೇಜ್ ಟೂರ್' ಎಂದೇ ಹೆಸರಿಟ್ಟೆವು. ಕಡೆಗೆ ಪಕ್ಕದ ಹೊಲದ ರೈತನೊಬ್ಬ ಟ್ರ್ಯಾಕ್ಟರ್ ತಂದು ಗಾಡಿ ಎಳೆದ.

ರಕ್ತವೆಂದರೆ ಮಾಮಾನ ಅಂಗಡಿಯ ಕಾಕಂಬಿ, ಅದಕ್ಕೆ ಅಡಿಗೆಯ ಕೆಂಪು ಬಣ್ಣ. ನೋಡಲು ಅಸಲಿಯಂತಿತ್ತು. ಹೆಣವಾದವರ ಗೋಳು ಮಾತ್ರ ಕೇಳಬಾರದು. ತಮ್ಮನ್ನೇ ಮೊದಲು ಕೊಲ್ಲುವುದಕ್ಕೆ ಜೋಶಿ ಕಾಕಾ ತಕರಾರು ಮಾಡಿದ್ದರು. "ಸೆಕ್ರೆಟರಿ ಮೊದಲ ಸಾಯೂದು ಛೊಲೊ ಕಾಣಂಗಿಲ್ಲೋ ಚೇತನ್." ಅದಕ್ಕೆ ಅವರ ಸಾವನ್ನು ಕೊನೆಗೆ ತಳ್ಳಿದೆವು. ಸತ್ತು ಬಿದ್ದ ಎರಡು ನಿಮಿಷಕ್ಕೆ ಅವರ ಕಿವಿಯ ಮೇಲೆ ಇರುವೆಯ ಸಾಲು. "ಕಟ್ ಅನ್ನಪಾ, ಕಟ್ ಅನ್ನು" ಎಂದು ಹೆಣ ತುಟಿ ಅಲುಗಿಸದೆ ಪಿಸುಗುಟ್ಟುತ್ತಿತ್ತು.

ಮಾಮಾನ ಮುಖವಾಡವನ್ನು ಬೆಲ್ಲದ ಗೋಣಿಯಿಂದಲೇ ಹೊಲಿದಿದ್ದೆವು, ಕಣ್ಣಿಗೆ ಎರಡು ತೂತು. ಅಳತೆ ನೋಡಲು ನಾವೆಲ್ಲ ಒಬ್ಬೊಬ್ಬರಾಗಿ ಹಾಕಿಕೊಂಡೆವು. ಅರ್ಧ ನಿಮಿಷದಲ್ಲಿ ಉಸಿರುಗಟ್ಟಿ ತೆಗೆದೆವು. ಮಾಮಾ ಮಾತ್ರ ಅದನ್ನು ಹಾಕಿಕೊಂಡು ಗಂಟೆಗಟ್ಟಲೆ ನಿಂತ. ಅವನ ಉಸಿರು ಮೂಗಿನಲ್ಲಿರಲಿಲ್ಲ, ಕುತ್ತಿಗೆಯಲ್ಲಿತ್ತು. "ಇಂಥ ಆ್ಯಕ್ಟರ್ ಎಲ್ಲೂ ಸಿಗಲ್ಲ ಮೇಡಂ" ಎಂದ ಚೇತನ್. ಗೋಣಿಯೊಳಗೆ ಬೆಲ್ಲ ಘಮ್ಮೆನ್ನುತ್ತದೆ ಅಲ್ಲವಾ ಮಾಮಾ ಎಂದು ಕೇಳಿದೆ. ಅವನು ಪಾಟಿಯ ಮೇಲೆ ಬರೆದು ತೋರಿಸಿದ: 'ಆಪರೇಶನ್ ಆದ ಮ್ಯಾಲ ವಾಸನಿ ಬರೂದಿಲ್ಲ. ಹೆಂಗದ ಹೇಳು.' ನಲವತ್ತು ವರ್ಷ ಬೆಲ್ಲ ಮಾರಿದವನಿಗೆ ಬೆಲ್ಲದ ವಾಸನೆ ಹೇಗಿದೆಯೆಂದು ಹೇಳಬೇಕಾಯಿತು. ಏನು ಹೇಳಿದೆನೋ ನೆನಪಿಲ್ಲ. ಅದೊಂದು ನೆನಪಿರಬೇಕಿತ್ತು.

ಮೂರನೆಯ ಭಾನುವಾರ ಗುಡಿಸಲಿನ ದೃಶ್ಯ. ಟ್ರ್ಯಾಕ್ಟರ್ ತಂದ ರೈತನೇ ಹೊಲದಲ್ಲಿದ್ದ ತನ್ನ ಕೋಣೆಯನ್ನು ಬಿಟ್ಟುಕೊಟ್ಟಿದ್ದ. ಕಥೆಯ ಪ್ರಕಾರ ಉಳಿದ ಪ್ರವಾಸಿಗರು ಅಲ್ಲಿ ಅಡಗಿರುತ್ತಾರೆ. ಬಾಗಿಲು ಮೆಲ್ಲಗೆ ತೆರೆಯುತ್ತದೆ, ಕೊಲೆಗಾರ ಒಳಗೆ ಬರುತ್ತಾನೆ. ಸಿನಿಮಾದಲ್ಲಿ ಅತ್ಯಂತ ಭಯಾನಕವಾಗಬೇಕಿದ್ದ ಜಾಗ ಅದೇ. ಕೋಣೆ ಸಗಣಿಯಿಂದ ಸಾರಿಸಿದ್ದು, ಮೂಲೆಯಲ್ಲಿ ವಿಠ್ಠಲನ ಫೋಟೊ. ನಾವು ಯಾರೂ ಯಾರಿಗೂ ಹೇಳಲಿಲ್ಲ, ಎಲ್ಲರೂ ಚಪ್ಪಲಿಯನ್ನು ಹೊರಗೆ ಒಂದು ಬದಿಗೆ ಬಿಟ್ಟೇ ಒಳಗೆ ಹೋಗಿದ್ದೆವು. ಕ್ಯಾಮೆರಾ ಹಿಡಿದ ಚೇತನ್ ಬರಿಗಾಲಲ್ಲಿದ್ದ, ಅವನ ಹಿಂದೆ ನೋಟ್‌ಬುಕ್ ಹಿಡಿದ ನಾನೂ ಬರಿಗಾಲಲ್ಲಿದ್ದೆ. ಬಾಗಿಲು ತೆರೆಯಿತು. ಗೋಣಿಯ ಮುಖ, ಕರಿ ಛತ್ರಿ, ಹಿಂದೆ ಬೂದುಬಣ್ಣದ ಮಳೆ. ಮೈ ಜುಮ್ಮೆಂದಿತು. ಒಂದೇ ಟೇಕ್‌ನಲ್ಲಿ ಮುಗಿಯಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಇಪ್ಪತ್ತು ದಿನ ಕಳೆದ ಮೇಲೆ ಚೇತನ್ ಫೋನ್ ಮಾಡಿದ. ಅವನಿಗೆ ಉಸಿರು ಸಿಗುತ್ತಿರಲಿಲ್ಲ, ಅಷ್ಟು ನಗು. "ಮೇಡಂ, ಎಡಿಟ್ ಮಾಡ್ತಾ ಇದೀನಿ. ಕೊಲೆಗಾರ ಚಪ್ಪಲಿ ಬಿಟ್ಟು ಒಳಗ್ ಬಂದಿದಾನೆ! ಬಾಗಿಲಲ್ಲಿ ನಿಂತು, ಒಂದೊಂದಾಗಿ ಬಿಟ್ಟು, ಕಾಲಲ್ಲೇ ಜೋಡ್ಸಿಟ್ಟು, ಆಮೇಲೆ ಕೊಲೆ ಮಾಡೋಕ್ ಬಂದಿದಾನೆ. ನಾವ್ಯಾರೂ ನೋಡೇ ಇಲ್ಲ!"

ನೋಡಬೇಕಾಗಿದ್ದವಳು ನಾನು. ಮತ್ತೆ ಶೂಟ್ ಮಾಡೋಣ ಎಂದೆ. ಶ್ರಾವಣ ಬಂದಿತ್ತು, ಜೋಶಿ ಕಾಕಾ ಒಪ್ಪುತ್ತಿರಲಿಲ್ಲ, ರೈತನ ಕೋಣೆಯಲ್ಲಿ ಗೊಬ್ಬರದ ಚೀಲ ತುಂಬಿದ್ದವು. "ಬೇಡ ಮೇಡಂ, ಇದು ಚಿನ್ನ. ಹಂಗೇ ಇಡೋಣ" ಎಂದ. ಮಾಮಾನಿಗೆ ಹೇಳಬೇಕಲ್ಲ ಎಂದೆ. "ಹೇಳಿದ್ರೆ ತೆಗೀರಿ ಅಂತಾರೆ" ಎಂದ. ನಾನು ಸುಮ್ಮನಾದೆ. ಈ ಸುಮ್ಮನಿದ್ದದ್ದನ್ನು ನನ್ನ ನೆನಪು ಎಷ್ಟೋ ಸಲ ತಿದ್ದಲು ನೋಡಿದೆ: ಹೇಳಲು ಹೋಗಿದ್ದೆ, ಮಾಮಾ ಮಲಗಿದ್ದ; ಪತ್ರ ಬರೆದಿದ್ದೆ, ಕೊಡಲಾಗಲಿಲ್ಲ. ಅವೆಲ್ಲ ಸುಳ್ಳು. ನಾನು ಹೇಳಲಿಲ್ಲ, ಅಷ್ಟೇ. ಸಿನಿಮಾ ಚೆನ್ನಾಗಿ ಆಗಲಿ ಎಂಬ ಆಸೆ ನನಗೂ ಇತ್ತು.

ಗಣಪತಿ ಕಳಿಸಿದ ಮೇಲಿನ ಭಾನುವಾರ, ಮಧ್ಯಾಹ್ನ ನಾಲ್ಕಕ್ಕೆ, ಸಂಘದ ಹಾಲಿನಲ್ಲಿ ಪ್ರದರ್ಶನ. ಮಾಮಾ ಬಂದ. ಜರಿಯಂಚಿನ ಉತ್ತರೀಯವನ್ನು ಕುತ್ತಿಗೆ ಸುತ್ತ ಹಾಕಿಕೊಂಡು, ಕೊನೆಯ ಸಾಲಿನ ತುದಿಯ ಕುರ್ಚಿಯಲ್ಲಿ ಕೂತ. ಎರಡು ವರ್ಷದಲ್ಲಿ ಅವನು ಮಂದಿಯ ನಡುವೆ ಕೂತದ್ದು ಅದೇ ಮೊದಲು. ಹಾಲಿನ ಬಾಗಿಲ ಹೊರಗೆ ನೂರಾರು ಜೊತೆ ಚಪ್ಪಲಿಗಳಿದ್ದವು, ಒದ್ದೆಯಾಗಿ, ಒಂದರ ಮೇಲೊಂದು. ಗುಡಿಸಲಿನ ದೃಶ್ಯ ಬಂತು. ಎಲ್ಲರೂ ಉಸಿರು ಬಿಗಿಹಿಡಿದರು. ಯಾರೋ ಹೆಂಗಸು "ಬಂದಾ, ಬಂದಾ" ಎಂದಳು. ಬಾಗಿಲು ತೆರೆಯಿತು. ಕೊಲೆಗಾರ ಚಪ್ಪಲಿ ಬಿಟ್ಟ.

ಅಂಥ ನಗುವನ್ನು ನಾನು ಆ ಹಾಲಿನಲ್ಲಿ ಹಿಂದೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಪಕ್ಕದವರ ಭುಜದ ಮೇಲೆ ಬಿದ್ದು ನಕ್ಕರು. ಕುರ್ಚಿಗಳು ಕಿರುಗುಟ್ಟಿದವು. "ಸಂಸ್ಕಾರ ಅಂದ್ರ ಇದಪಾ!" ಎಂದು ಯಾರೋ ಕೂಗಿದರು, ಮತ್ತೆ ನಗು. ನಾನು ತಿರುಗಿ ನೋಡಿದೆ. ಮಾಮಾ ಎದ್ದು ನಿಂತಿದ್ದ. ಯಾರನ್ನೂ ನೋಡದೆ ಪಕ್ಕದ ಬಾಗಿಲಿಂದ ಹೊರಗೆ ಹೋದ. ಆ ರಾತ್ರಿಯ ನನ್ನ ಡೈರಿಯಲ್ಲಿ ಎರಡೇ ವಾಕ್ಯ: ಮಾಮಾ ಎದ್ದು ಹೋದ. ನಾನು ಹಿಂದೆ ಹೋಗಲಿಲ್ಲ.

ದಸರೆಯ ಹೊತ್ತಿಗೆ ಅವನು ಅಂಗಡಿಗೆ ಹೋಗತೊಡಗಿದ. ಯಾರ ಫೋನಿನಿಂದಲೋ ಆ ತುಣುಕು ಮಾರ್ಕೆಟ್ ಯಾರ್ಡ್‌ಗೂ ಹೋಗಿ, ಹಮಾಲರು ಅವನನ್ನು ಖೂನೀ ಶೇಟ್ ಎಂದು ಕರೆಯತೊಡಗಿದ್ದರು. ಅಂಗಡಿಯ ಮೆಟ್ಟಿಲ ಕೆಳಗೆ ಬೇಕೆಂದೇ ಚಪ್ಪಲಿ ಜೋಡಿಸಿಟ್ಟು ಒಳಗೆ ಬರುತ್ತಿದ್ದರಂತೆ. ಆ ಒಬ್ಬ ಗಿರಾಕಿಯ ನಗುವಿನಿಂದ ಮನೆ ಸೇರಿದ್ದವನನ್ನು ನಾನು ಇಡೀ ಪೇಟೆಯ ನಗುವಿಗೆ ಒಪ್ಪಿಸಿದೆ ಎಂದುಕೊಂಡೆ. ಬೇರೆ ದಾರಿಯಿಲ್ಲದೆ ಸಹಿಸಿಕೊಂಡಿದ್ದಾನೆ ಎಂದುಕೊಂಡೆ. ಸಿನಿಮಾದ ಮಾತನ್ನು ಅವನ ಎದುರು ಎತ್ತಲೇ ಇಲ್ಲ. ಹಬ್ಬಕ್ಕೆ ಹೋಗುತ್ತಿದ್ದೆ, ಆರೋಗ್ಯ ವಿಚಾರಿಸುತ್ತಿದ್ದೆ, ಮಾಮಿ ಕಟ್ಟಿಕೊಟ್ಟ ಚಟ್ನಿಪುಡಿ ತೆಗೆದುಕೊಂಡು ಬರುತ್ತಿದ್ದೆ. ಚೇತನ್ ಮೈಸೂರಿಗೆ ಹಿಂತಿರುಗಿದ. ಅವನು ಕಳಿಸಿದ್ದ ಲಿಂಕ್ ಈಗ ತೆರೆಯುವುದಿಲ್ಲ. ಹಮಾಲರ ಆ ತುಣುಕೂ ಹಳೆಯ ಫೋನುಗಳ ಜೊತೆ ಹೋಗಿರಬೇಕು.

ನನಗೆ ನೆನಪಿದ್ದದ್ದು ಇಷ್ಟು. ಈಗ ನೋಟ್‌ಬುಕ್.

ಶೂಟಿಂಗ್ ನಡೆದ ನಾಲ್ಕೂ ಭಾನುವಾರ ಮಳೆ ಎಂದು ನನ್ನ ನೆನಪು. ನೋಟ್‌ಬುಕ್‌ನಲ್ಲಿ ಎರಡನೆಯ ಭಾನುವಾರದ ಎದುರು 'ಬಿಸಿಲು, ಮೋಡಕ್ಕೆ ಕಾದೆವು' ಎಂದಿದೆ. ಮಾಮಾ ಕಂದು ಚರ್ಮದ ಕೊಲ್ಹಾಪುರಿ ಬಿಟ್ಟು ಬಂದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ನೋಟ್‌ಬುಕ್‌ನಲ್ಲಿ 'ನೀಲಿ ಪಟ್ಟಿಯ ರಬ್ಬರ್ ಚಪ್ಪಲಿ.' ಇಷ್ಟಾದರೂ ಸಹಿಸಿಕೊಳ್ಳಬಹುದು. ಗುಡಿಸಲಿನ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿತ್ತು:

'ಟೇಕ್ ೧: ಚಪ್ಪಲಿ ಹಾಕಿಕೊಂಡೇ ಒಳಗೆ. ಕ್ಯಾಮೆರಾ ಅಲುಗಿತು. ಬೇಡ. ಟೇಕ್ ೨: ಚಪ್ಪಲಿ ಹೊರಗೆ. ಸರಿ.'

ನಾನು ಗಮನಿಸಲಿಲ್ಲ ಎಂದು ಎಂಟು ವರ್ಷದಿಂದ ನನ್ನನ್ನು ಬೈದುಕೊಳ್ಳುತ್ತಿದ್ದೇನೆ. ಗಮನಿಸಿದ್ದೆ! ಬರೆದುಕೊಂಡಿದ್ದೆ ಕೂಡ. ಬರೆದು, ಮುಂದೆ 'ಸರಿ' ಎಂದು ಹಾಕಿದ್ದೆ. ಮೊದಲ ಸಲ ಚಪ್ಪಲಿ ಸಹಿತ ಒಳಗೆ ಬಂದದ್ದು ನನ್ನ ಕಣ್ಣಿಗೆ ತಪ್ಪಾಗಿ ಕಂಡಿರಬೇಕು, ಎರಡನೆಯ ಸಲ ಸರಿಹೋಯಿತು. ಒಬ್ಬ ಕೊಲೆಗಾರ ಸಾರಿಸಿದ ಮನೆಯೊಳಗೆ ಬರಿಗಾಲಲ್ಲಿ ಬಂದದ್ದು ನನಗೆ ಸರಿಯಾಗಿಯೇ ಕಂಡಿತ್ತು.

ಆದರೆ ಮಾಮಾ? ಮೊದಲ ಟೇಕ್‌ನಲ್ಲಿ ಅವನು ಚಪ್ಪಲಿ ಬಿಡಲಿಲ್ಲ. ಹಾಗಾದರೆ ಎರಡನೆಯದರಲ್ಲಿ ಯಾಕೆ ಬಿಟ್ಟ? ಒಳಗೆ ಬಂದಾಗ ವಿಠ್ಠಲನ ಫೋಟೊ ಕಂಡು ನಾಚಿಕೆಯಾಯಿತೇ? ಅಥವಾ ನಾನು ಅವನ ಕಾಲನ್ನು ಒಂಥರಾ ನೋಡಿದೆನೇ? ಅಥವಾ... ಆ ಮೂರನೆಯದನ್ನು ಪೂರ್ತಿ ಯೋಚಿಸಲು ನನಗೆ ಧೈರ್ಯವಾಗಲಿಲ್ಲ, ನನಗೆ ಅಷ್ಟು ಅನುಕೂಲವಾದ ವಿವರಣೆ ಅದು. ಅನುಕೂಲವಾದ ಸಾಕ್ಷಿಯನ್ನು ನಂಬಬೇಡಿ ಎಂದು ಕ್ಲಾಸಿನಲ್ಲಿ ಹೇಳುವವಳು ನಾನೇ. ಬದುಕಿರುವ ಮನುಷ್ಯನನ್ನು ಬಿಟ್ಟು ಕಾಗದವನ್ನು ಕೇಳುತ್ತ ಕೂತಿದ್ದೆ.

ಮರುದಿನ ಭಾನುವಾರ. ನೋಟ್‌ಬುಕ್ ಹಿಡಿದುಕೊಂಡು ಹೋದೆ. ಮಾಮಿ ಅಡಿಗೆಮನೆಯಲ್ಲಿ ಬದನೆಕಾಯಿ ಎಣ್ಣೆಗಾಯಿ ಮಾಡುತ್ತಿದ್ದಳು. ಮಾಮಾ ಅದೇ ಕಿಟಕಿಯ ಹತ್ತಿರ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದ. ನಾನು ಎದುರು ಕೂತು ಎಲ್ಲವನ್ನೂ ಹೇಳಿದೆ. ಚೇತನ್ ಫೋನ್ ಮಾಡಿದ್ದು, ನಾನು ಮುಚ್ಚಿಟ್ಟದ್ದು, ಹಾಲಿನಲ್ಲಿ ಅವನು ಎದ್ದು ಹೋದದ್ದು, ನಾನು ಹಿಂದೆ ಹೋಗದಿದ್ದದ್ದು. "ಅಷ್ಟು ಮಂದಿ ನಿನ್ನ ನೋಡಿ ನಗೂಹಂಗ ಮಾಡಿದೆ ಮಾಮಾ. ನಿನಗ ಮೊದಲ ಹೇಳಬೇಕಿತ್ತು."

ಮಾಮಾ ಕೈಯ ಎಣ್ಣೆ ಒರೆಸಿಕೊಂಡ. ಆಮೇಲೆ ಪಾಟಿ ತೆಗೆದುಕೊಂಡ. ಬಳಪ ಕಿರ್ ಕಿರ್ ಎಂದಿತು.

'ನಲವತ್ತ ವರ್ಷ ನಗಿ ಪಡದಿ ಹಿಂದಿಂದ ಕೇಳಿದಾಂವ. ಮಂದಿ ನಡುವ ಕೂತು ಕೇಳಿದ್ರ ಖರೇ ಅನಸಲಿಲ್ಲ. ಹೊರಗ ನಿಂತು ಕೇಳಿದೆ. ಛೊಲೊ ಕೇಳಸ್ತು.'

ಎರಡು ಸಲ ಓದಿದೆ. ಅಡಿಗೆಮನೆಯಿಂದ ಮಾಮಿ ತಲೆ ಹೊರಹಾಕಿದಳು. "ಏನಂತ? ಸಿಟ್ಟಿಗೆದ್ದು ಹ್ವಾದ್ರಂತ ತಿಳಕೊಂಡಿದ್ದೇನು? ವಡಾಪಾವ್ ಗಾಡಿ ಮುಂದ ನಿಂತಿದ್ರು. ಖುಷೀಲೇ ಅತ್ತಾರ, ಕುತ್ತಿಗಿಗೆ ಕಟ್ಟಿದ ಅರಿವೀನೂ ತೊಯ್ದಿತ್ತು. ನಂಗ ಕೇಳಿದ್ರ ನಾನರ ಹೇಳ್ತಿದ್ದೆ."

"ಮತ್ತ ಚಪ್ಪಲಿ?" ಎಂದೆ. ನೋಟ್‌ಬುಕ್‌ನ ಆ ಪುಟ ತೆರೆದು ಅವನ ಮುಂದೆ ಹಿಡಿದೆ. "ಮೊದಲನೇ ಸರತೆ ಬಿಟ್ಟಿಲ್ಲ ನೀ. ಎರಡನೇ ಸರತೆ ಯಾಕ ಬಿಟ್ಟಿ?"

ಈ ಸಲ ಮಾಮಾ ಪಾಟಿ ಮುಟ್ಟಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದ. ಬಾಗಿಲ ಹಿಂದಿನ ಮೊಳೆಯಿಂದ ಕರಿ ಛತ್ರಿ ತೆಗೆದುಕೊಂಡ, ಅದೇ ಛತ್ರಿಯೋ ಬೇರೆಯದೋ ನಾನು ಹೇಳಲಾರೆ. ಹೊರಗೆ ಹೋಗಿ ಬಾಗಿಲು ಎಳೆದುಕೊಂಡ.

ನಾನು ಕೂತಲ್ಲೇ ಕಾದೆ. ಕುಕ್ಕರ್ ಒಂದು ಸೀಟಿ ಹಾಕಿತು. ಬಾಗಿಲು ಮೆಲ್ಲಗೆ, ಕೆಸರಿನೊಳಗಿಂದ ಯಾರೋ ನೂಕಿದ ಹಾಗೆ, ತೆರೆಯಿತು. ಮಾಮಾ ಹೊಸ್ತಿಲಾಚೆ ನಿಂತಿದ್ದ, ಒಂದು ಭುಜ ಇಳಿಬಿಟ್ಟು, ಛತ್ರಿಯನ್ನು ಕೊಡಲಿಯಂತೆ ಹಿಡಿದು. ಎಪ್ಪತ್ತೆರಡರ ಮುದುಕ, ಮೈಮೇಲೆ ಬನಿಯನ್, ಕುತ್ತಿಗೆಯಲ್ಲಿ ಬಿಳಿ ಬಟ್ಟೆ. ಆದರೂ ನಾನು ಕೂತಲ್ಲೇ ಹಿಂದೆ ಸರಿದೆ. ಅವನು ಒಂದು ಹೆಜ್ಜೆ ಎತ್ತಿದ. ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ತಲೆ ಬಗ್ಗಿಸಿ ಹೊಸ್ತಿಲನ್ನು ನೋಡಿದ. ಎಡಗಾಲಿನದು ಬಿಟ್ಟ. ಬಲಗಾಲಿನದು ಬಿಟ್ಟ. ಹೆಬ್ಬೆರಳಿನಿಂದ ಎರಡನ್ನೂ ಪಕ್ಕಪಕ್ಕ ಸರಿಸಿ, ತುಸು ಸೊಟ್ಟಗಿದ್ದದ್ದನ್ನು ಮತ್ತೊಮ್ಮೆ ನೆಟ್ಟಗೆ ಮಾಡಿದ. ಆಮೇಲೆ ತಲೆ ಎತ್ತಿ ನನ್ನ ಕಡೆ ನೋಡಿ, ಅಲ್ಲಾಡದೆ ನಿಂತ.

ಅವನು ಕಾಯುತ್ತಿದ್ದ. ಯಾತಕ್ಕೆಂದು ತಿಳಿಯಲು ನನಗೆ ಒಂದೆರಡು ಗಳಿಗೆ ಹಿಡಿಯಿತು. ಚಿಕ್ಕವಳಿದ್ದಾಗ ಸಂಘದ ಹಾಲಿನ ಮುಂದಿನ ಸಾಲಿನಲ್ಲಿ ಕೂತು ಈ ನಿಲುವನ್ನು ನೋಡಿದ್ದೇನೆ. ಮಾತು ಮುಗಿಸಿ, ಮುಂದಿನ ಮಾತು ಹೇಳುವ ಮೊದಲು, ಎಲ್ಲರ ನಗು ಇಳಿಯುವವರೆಗೆ ಹೀಗೆಯೇ ನಿಲ್ಲುತ್ತಿದ್ದ. ಮರೆತು ಚಪ್ಪಲಿ ಬಿಟ್ಟವನು ಹೀಗೆ ನಿಲ್ಲುವುದಿಲ್ಲ. ನನಗೆ ಕಣ್ಣು ಮಂಜಾಗಿ ಅವನು ಸರಿಯಾಗಿ ಕಾಣುತ್ತಿರಲಿಲ್ಲ. ಅವನು ಛತ್ರಿಯ ತುದಿಯಿಂದ ನೆಲವನ್ನು ಟಕ್ ಟಕ್ ಎಂದು ಬಡಿದ, ಪ್ರೇಕ್ಷಕರು ತಡಮಾಡುತ್ತಿದ್ದಾರೆ ಎಂಬಂತೆ.

"ಆತು, ಮತ್ತ ಸುರು ಆತು ಖೂನ," ಎಂದಳು ಮಾಮಿ ಒಳಗಿಂದ. "ಬಾಗಲದಾಗ ನಿಂತಾರ ನೋಡು. ಊಟಕ್ಕ ಹಾಕ್ಲೋ ಬ್ಯಾಡೋ?"

ಆಗ ನನಗೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ತಡೆಯಲಾರದಷ್ಟು; ನೋಟ್‌ಬುಕ್ ತೊಡೆಯಿಂದ ಜಾರಿ ಕೆಳಗೆ ಬಿತ್ತು. ಮಾಮಾ ಅಲ್ಲಾಡಲಿಲ್ಲ. ನನ್ನ ನಗು ಪೂರ್ತಿ ಇಳಿಯುವ ತನಕ ಅಲ್ಲೇ ನಿಂತಿದ್ದು, ಆಮೇಲೆಯೇ ಹೊಸ್ತಿಲು ದಾಟಿ ಒಳಗೆ ಬಂದ.